ಮೇಷ್ಟ್ರ ಮನೆಗೆ ಗೈಡು ಬಂತು

ಕಾರ್ತೀಕದ ಕಡೆಯ ಸೋಮವಾರ ಕಳೆದು ಮಂಗಳವಾರ ಬೆಳಿಗ್ಗೆ. ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಕಡಲೆಕಾಯಿ ಪರಿಷೆಯ ಸಿಪ್ಪೆ. ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇರುವ ಎದೆಮಟ್ಟದ ಕಾಂಪೌಂಡಿನ ಮೇಲೂ ಸಿಪ್ಪೆ. ನಾನು ದಾಸವಾಳ ಬಿಡಿಸುತ್ತಿದ್ದೆ. ಮೇಷ್ಟ್ರು ಬೇಯಿಸಿದ ಕಡಲೆಕಾಯಿಯ ಡಬ್ಬಿಯನ್ನು ಗೋಡೆಯ ಮೇಲಿಟ್ಟು, ಒಂದನ್ನು ಬಿಡಿಸಿ ನನ್ನ ಕೈಗೆ ಹಾಕಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಏನೋ ಕೇಳುವುದಿದೆ ಅಂತ ಗೊತ್ತಾಯಿತು.

"ನೋಡಮ್ಮ, ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟೆ. ಕ್ಲಾಸಿನಲ್ಲಿ ಯಾರ ಕೈಲಾದರೂ ಗೈಡು ಕಂಡರೆ ಕಿತ್ತು ಮೇಜಿನೊಳಗೆ ಹಾಕ್ತಿದ್ದೆ. ಈಗ ನನ್ನ ಮೊಮ್ಮಗಳೇ 'ತಾತ, ಗೈಡು ಕೊಡಿಸು' ಅಂತಾಳೆ. ಅದೂ ಎರಡು ಸಂಪುಟ. ಬಿಸಿಎ ಮುಗಿಸಿದಾಳೆ, ಬುದ್ಧಿವಂತೆ. ಅವಳಿಗ್ಯಾಕಮ್ಮ ಗೈಡು?"

ಪರೀಕ್ಷೆ ಯಾವುದು ಅಂತ ಕೇಳಿದೆ. ಸಿಸಿಎನ್‌ಎ ಅಂದರು. ಕಂಪ್ಯೂಟರ್ ಜಾಲ ನಿಭಾಯಿಸುವವರ ಪರೀಕ್ಷೆ ಅದು.

ಅವರ ಸಂಕಟ ನನಗೆ ಅರ್ಥವಾಯಿತು. ನಮ್ಮ ಭಾಷೆಯಲ್ಲಿ ಗೈಡು ಅನ್ನುವ ಮಾತಿಗೆ ಅಂಟಿದ ಅರ್ಥ ಬೇರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತಿಂಗಳಿರುವಾಗ ಕೊಂಡು, ಪ್ರಶ್ನೆ-ಉತ್ತರ ಉರು ಹೊಡೆದು, ಮರುದಿನ ಮರೆಯುವ ಪುಸ್ತಕ ಅದು. ಪಠ್ಯ ಓದದವರ ದಾರಿ. ಒಳ್ಳೆಯ ಮೇಷ್ಟ್ರು ಅದನ್ನು ಕಿತ್ತಿಟ್ಟುಕೊಳ್ಳುವುದು ನ್ಯಾಯವೇ. ಆದರೆ ಈ ನೆಟ್‌ವರ್ಕಿಂಗ್ ಪರೀಕ್ಷೆಗಳಿಗೆ ಪಠ್ಯಪುಸ್ತಕ ಬೇರೆ, ಗೈಡು ಬೇರೆ ಅಂತಿಲ್ಲ. ಸಿಸ್ಕೋ ಕಂಪನಿ ಪರೀಕ್ಷೆ ನಡೆಸುತ್ತದೆ, ಅದರ ಸಿಸ್ಕೋ ಪ್ರೆಸ್ ಹೆಸರಿನಲ್ಲಿ ಬರುವ ದಪ್ಪ ಪಠ್ಯಕ್ಕೇ 'ಅಫಿಶಿಯಲ್ ಸರ್ಟ್ ಗೈಡ್' ಅಂತ ಹೆಸರು. "ನೀವು ಕಿತ್ತಿಡುತ್ತಿದ್ದ ಗೈಡು ಇಲ್ಲೂ ಇದೆ ಮೇಷ್ಟ್ರೇ, ಅದರ ಹೆಸರು ಬೇರೆ. ಅದಕ್ಕೆ ಡಂಪು ಅಂತಾರೆ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಇದನ್ನ ಕೇಳಿ" ಅಂದೆ.

ಹೂವಿನ ಬುಟ್ಟಿ ಕೆಳಗಿಟ್ಟೆ. ಈ ವಿಷಯಕ್ಕೆ ನಾನು ಬಿಸಿಲೇರುವವರೆಗೂ ನಿಲ್ಲಬಲ್ಲೆ. ನನ್ನ ಅನ್ನದ ವಿಷಯ ಅದು.

ಈ ಪರೀಕ್ಷೆ ಶುರುವಾಗಿದ್ದು 1998ರಲ್ಲಿ. ಪಠ್ಯಕ್ರಮ ಬದಲಾದಂತೆ ಪರೀಕ್ಷೆಯ ಸಂಖ್ಯೆಯೂ ಅಂದಿನಿಂದ ಎಷ್ಟೋ ಸಲ ಬದಲಾಗಿದೆ. ನಾನು ಓದಿದ್ದು 2008ರಲ್ಲಿ. ಆಗ ಚಾಮರಾಜಪೇಟೆಯಲ್ಲಿ ಬಾಡಿಗೆ ಮನೆ. ಒಂದು ಶನಿವಾರ ಕೆ.ಆರ್. ಮಾರುಕಟ್ಟೆ ದಾಟಿ ಅವೆನ್ಯೂ ರಸ್ತೆಗೆ ಹೋದೆ. ಆ ರಸ್ತೆ ಬೆಂಗಳೂರಿನ ಓದುವ ಮಕ್ಕಳಿಗೆ ಮಾಡಿರುವ ಉಪಕಾರವನ್ನು ಯಾರೂ ಸರಿಯಾಗಿ ಬರೆದಿಲ್ಲ. ಎಂಜಿನಿಯರಿಂಗ್ ಓದಿದವರು ಮಾರಿದ ಪುಸ್ತಕ ಇನ್ನೊಬ್ಬರ ಕೈಗೆ ಅರ್ಧ ಬೆಲೆಗೆ, ಕಾಲು ಬೆಲೆಗೆ ಬರುವುದು ಅಲ್ಲಿ. ಫುಟ್‌ಪಾತಿನ ರಾಶಿಯಲ್ಲಿ ಸಿಸಿಎನ್‌ಎ ಪುಸ್ತಕ ಕಂಡಿತು. ಬೆನ್ನು ಗಟ್ಟಿಯಾಗಿತ್ತು, ಹಾಳೆ ಹರಿದಿರಲಿಲ್ಲ. ಚೌಕಾಸಿ ಮಾಡಿ ತಂದೆ. ಮೂರು ತಿಂಗಳು ಓದಿದೆ. ಐಎಸ್‌ಡಿಎನ್ ಅನ್ನುವ ಹಳೆಯ ಟೆಲಿಫೋನ್ ಲೈನಿನ ತಂತ್ರದ ಬಗ್ಗೆ ಒಂದಿಡೀ ಅಧ್ಯಾಯ ಇತ್ತು. ಅದು ತಲೆಗೆ ಹತ್ತದೆ ಎರಡು ವಾರ ಕೂತೆ.

ಆಮೇಲೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳತಿ ರಕ್ಷಾಪುಟದ ಮೂಲೆಯಲ್ಲಿದ್ದ ಸಣ್ಣ ಅಂಕಿ ತೋರಿಸಿದಳು: 640-801. ಆ ಪರೀಕ್ಷೆ ಹಿಂದಿನ ವರ್ಷವೇ ನಿಂತುಹೋಗಿತ್ತು. 2007ರಲ್ಲಿ 640-802 ಬಂದಿತ್ತು. ಹೊಸದರಲ್ಲಿ ಐಎಸ್‌ಡಿಎನ್ ಇಲ್ಲವೇ ಇಲ್ಲ. ಅದರಲ್ಲಿದ್ದ ವೈರ್‌ಲೆಸ್ಸು, ಐಪಿವಿ6 ನನ್ನ ಪುಸ್ತಕದಲ್ಲಿ ಇರಲಿಲ್ಲ. ಆ ರಾತ್ರಿ ಅತ್ತಿದ್ದೆ, ಸುಳ್ಳು ಹೇಳೋದ್ಯಾಕೆ. ಆ ಎರಡು ವಾರ ನನಗೆ ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ ನಿದ್ದೆ ಬಿಟ್ಟು ಓದಿದ ಎರಡು ವಾರ. ಮುಂದಿನ ತಿಂಗಳ ಸಂಬಳ ಬಂದ ದಿನ ಗಾಂಧಿನಗರದ ಸಪ್ನಾ ಪುಸ್ತಕದಂಗಡಿಗೆ ಹೋಗಿ ಹೊಸದನ್ನು ಕೊಂಡೆ.

ಮೇಷ್ಟ್ರು ತಡೆದರು. "ಅಲ್ಲಮ್ಮ, ಪೈಥಾಗೊರಸ್ ಪ್ರಮೇಯ ನಾನು ಓದುವಾಗಲೂ ಅದೇ, ನಾನು ಹೇಳಿಕೊಡುವಾಗಲೂ ಅದೇ. ಹಳೇ ಪುಸ್ತಕದ ಲೆಕ್ಕ ಸುಳ್ಳಾಗುತ್ತಾ?"

ಒಳ್ಳೆಯ ಪ್ರಶ್ನೆ. ಸುಳ್ಳಾಗುವುದಿಲ್ಲ. ಐಪಿ ವಿಳಾಸದ ನಾಲ್ಕನೇ ಆವೃತ್ತಿಯ ನಿಯಮ ಬರೆದದ್ದು 1981ರ ಸೆಪ್ಟೆಂಬರಿನಲ್ಲಿ. ವಿಳಾಸಕ್ಕೆ ಮೂವತ್ತೆರಡು ಬಿಟ್ ಅಂತ ಅಂದು ಬರೆದರು, ಇಂದಿಗೂ ಮೂವತ್ತೆರಡೇ. ಮನೆಮನೆಯ ರೂಟರಿನಲ್ಲಿ ಕಾಣುವ 192.168 ಅನ್ನುವ ಖಾಸಗಿ ವಿಳಾಸಗಳನ್ನು ಈಗಿನ ರೂಪದಲ್ಲಿ ಮೀಸಲಿಟ್ಟದ್ದು 1996ರಲ್ಲಿ, ಅದೂ ಬದಲಾಗಿಲ್ಲ. ನನ್ನ ಆ ಹಳೆಯ ಪುಸ್ತಕದ ಸಬ್‌ನೆಟ್ಟಿಂಗ್ ಅಧ್ಯಾಯ, ಅಂದರೆ ದೊಡ್ಡ ಜಾಲವನ್ನು ಚಿಕ್ಕ ಜಾಲಗಳಾಗಿ ಒಡೆಯುವ ಪಾಠ, ಇವತ್ತಿಗೂ ಚಿನ್ನ, ಅಟ್ಟದ ಮೇಲಿದೆ, ಬೇಕಾದರೆ ತೆಗೆದುಕೊಡುತ್ತೇನೆ ಅಂದೆ. ಶಾಸ್ತ್ರ ನಿಧಾನವಾಗಿ ಬದಲಾಗುತ್ತೆ, ಪರೀಕ್ಷೆ ಬೇಗ ಬದಲಾಗುತ್ತೆ. ಮಗುವಿಗೆ ಎರಡೂ ಬೇಕು. ಆದರೆ 300 ಡಾಲರ್ ಶುಲ್ಕ ಕಟ್ಟಿ ಕೂರುವಾಗ ಪರೀಕ್ಷೆ ಕೇಳುವುದನ್ನು ಓದಿರಬೇಕಲ್ಲ.

ಈಗಿನ ಪರೀಕ್ಷೆಯ ಸಂಖ್ಯೆ 200-301, ಶುರುವಾದದ್ದು 2020ರ ಫೆಬ್ರವರಿ 24ಕ್ಕೆ. ರೂಟರುಗಳು ದಾರಿ ಹುಡುಕಿಕೊಳ್ಳುವ ವಿಧಾನಗಳಲ್ಲಿ, ಅದಕ್ಕೂ ಮೊದಲಿನ 200-125ರಲ್ಲಿದ್ದ ಇಐಜಿಆರ್‌ಪಿಯನ್ನು ಕೈಬಿಟ್ಟು ಓಎಸ್‌ಪಿಎಫ್ ಒಂದನ್ನೇ ಗಟ್ಟಿಯಾಗಿ ಕೇಳಿದರು. ಯಂತ್ರವೇ ಯಂತ್ರವನ್ನು ನಿಭಾಯಿಸುವ ಆಟೊಮೇಷನ್ ಪಾಠ ಸೇರಿಸಿದರು. ಇಲ್ಲೊಂದು ಹಳ್ಳ ಇದೆ, ಮೊಮ್ಮಗಳು ಬೀಳಬಾರದು ಅಂತ ಒತ್ತಿ ಹೇಳಿದೆ. 2024ರ ಆಗಸ್ಟ್ 20ರಿಂದ ಪಠ್ಯಕ್ರಮ 1.1 ಆಯಿತು, ಆದರೆ ಮೇಲಿನ ಸಂಖ್ಯೆ ಮಾತ್ರ 200-301 ಅಂತಲೇ ಉಳಿಯಿತು. ಪಪೆಟ್, ಶೆಫ್ ಅನ್ನುವ ಉಪಕರಣಗಳ ಹೆಸರು ಹೋಗಿ ಟೆರಾಫಾರ್ಮ್ ಬಂತು, ಆನ್ಸಿಬಲ್ ಉಳಿಯಿತು. ಕೃತಕ ಬುದ್ಧಿಮತ್ತೆಯನ್ನು ನೆಟ್‌ವರ್ಕ್ ನಿರ್ವಹಣೆಯಲ್ಲಿ ಹೇಗೆ ಬಳಸುತ್ತಾರೆ ಅನ್ನುವುದು ಸೇರಿತು. ನಾನು 2008ರಲ್ಲಿ ನೋಡದೆ ಬಿಟ್ಟ ಅಂಕಿಯನ್ನು ಇವಳು ನೋಡಿದರೂ ಸಾಲದು. ಸಂಖ್ಯೆ ಸರಿಯಿದ್ದು ಪುಸ್ತಕ ಹಳೆಯದಾಗಿರಬಹುದು. ರಕ್ಷಾಪುಟ ತಿರುಗಿಸಿ, ಒಳಗಿನ ಮೊದಲ ಪುಟಗಳಲ್ಲಿ ಎಷ್ಟನೇ ಆವೃತ್ತಿ, ಯಾವ ವರ್ಷ ಅಂತ ನೋಡಬೇಕು.

"ಹಾಗಾದರೆ ಅಂಗಡಿಯವನನ್ನ ಕೇಳಿದರಾಯಿತು."

"ಅಂಗಡಿಯವರನ್ನ ಕೇಳೋಕೆ ಮೊದಲು ಪರೀಕ್ಷೆ ನಡೆಸೋರನ್ನ ಕೇಳಬೇಕು ಮೇಷ್ಟ್ರೇ." ಪರೀಕ್ಷೆಯ ಪಠ್ಯಕ್ರಮವನ್ನು ಕಂಪನಿಯೇ ಪುಕ್ಕಟೆ ಕೊಡುತ್ತದೆ, ಕೆಲವೇ ಪುಟ. ಅದನ್ನು ಮುದ್ರಿಸಿ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಬೇಕು. ಆರು ಭಾಗ. ಜಾಲದ ಮೂಲಪಾಠಕ್ಕೆ ನೂರಕ್ಕೆ 20, ಸ್ವಿಚ್ಚುಗಳ ಭಾಗಕ್ಕೆ 20, ಐಪಿ ಸಂಪರ್ಕಕ್ಕೆ 25, ಐಪಿ ಸೇವೆಗಳಿಗೆ 10, ಭದ್ರತೆಗೆ 15, ಆಟೊಮೇಷನ್ನಿಗೆ 10. ಪುಸ್ತಕದ ಪರಿವಿಡಿಯ ಪಕ್ಕ ಇದನ್ನಿಟ್ಟು ಬೆರಳಿಟ್ಟು ಹೋಲಿಸಿದರೆ ಹತ್ತು ನಿಮಿಷದಲ್ಲಿ ಪುಸ್ತಕದ ಬಂಡವಾಳ ಗೊತ್ತಾಗುತ್ತದೆ.

ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ಪ್ರಶ್ನೆಪತ್ರಿಕೆಗೆ ಅಂಕಪಟ್ಟಿ ಹಾಕಿದವರಲ್ಲವೇ. ಯಾವ ಅಧ್ಯಾಯಕ್ಕೆ ಎಷ್ಟು ಅಂಕ ಅಂತ ಒಮ್ಮೆ ಹೇಳಿದರೆ ಅವರ ಮುಖವೇ ಬೇರೆ. "25 ಅಂಕದ್ದು ಯಾವುದಂದೆ? ಐಪಿ ಸಂಪರ್ಕ. ಅಂದರೇನು?" ಅಂತ ಕೇಳಿದರು.

ಆಗ ನಾನು ಅವರ ಗೇಟಿನ ಪಕ್ಕದ ಅಂಚೆ ಡಬ್ಬಿ ತೋರಿಸಿದೆ. ನಮ್ಮ ಪಿನ್‌ಕೋಡು 560004. ದೇಶದಲ್ಲಿ ಪಿನ್‌ಕೋಡು ಬಂದದ್ದು 1972ರ ಆಗಸ್ಟ್ 15ಕ್ಕೆ. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. 560 ಅಂದರೆ ಬೆಂಗಳೂರು. ಕೊನೆಯ 004 ಬಸವನಗುಡಿ. ಮಲ್ಲೇಶ್ವರಕ್ಕೆ 003, ಚಾಮರಾಜಪೇಟೆಗೆ 018. ದೆಹಲಿಯಲ್ಲಿ ಕಾಗದ ವಿಂಗಡಿಸುವವರಿಗೆ 004 ಕಟ್ಟಿಕೊಂಡು ಏನಾಗಬೇಕು? 560 ನೋಡಿದರು, ಬೆಂಗಳೂರಿನ ಚೀಲಕ್ಕೆ ಹಾಕಿದರು. ಇಲ್ಲಿಗೆ ಬಂದ ಮೇಲೆ ಉಳಿದ ಮೂರಂಕಿ ನೋಡುತ್ತಾರೆ. ರೂಟರಿನ ಕೆಲಸವೂ ಇಷ್ಟೇ. ವಿಳಾಸ ಪೂರ್ತಿ ನೋಡುವುದಿಲ್ಲ, ಮೊದಲಿನ ಎಷ್ಟು ಬಿಟ್‌ಗಳನ್ನು ನೋಡಬೇಕೋ ಅಷ್ಟು ನೋಡುತ್ತದೆ. ಎಷ್ಟು ನೋಡಬೇಕು ಅಂತ ಹೇಳುವುದೇ ಮಾಸ್ಕು. 560ಕ್ಕೆ ಒಂದು ದಾರಿ, 560004ಕ್ಕೆ ಬೇರೊಂದು ದಾರಿ ಗೊತ್ತಿದ್ದರೆ ಹೆಚ್ಚು ಅಂಕಿ ಹೊಂದುವ ದಾರಿಯನ್ನೇ ಹಿಡಿಯುತ್ತದೆ. ಲಾಂಗೆಸ್ಟ್ ಪ್ರಿಫಿಕ್ಸ್ ಮ್ಯಾಚ್ ಅನ್ನುವ ದೊಡ್ಡ ಹೆಸರಿನ ಒಳಗಿರುವುದು ಇದು.

ಮೇಷ್ಟ್ರು ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿಬಿಟ್ಟರು. "ಇದನ್ನ ಪುಸ್ತಕದಲ್ಲಿ ಹೀಗೆ ಬರೆದಿದಾರಾ?"

ಹೀಗೆ ಬರೆದಿಲ್ಲ. ಪರೀಕ್ಷೆಯೂ ಕನ್ನಡದಲ್ಲಿಲ್ಲ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಅವರ ಮೊಮ್ಮಗಳೂ ಹಾಗೇ. ನಮ್ಮಂಥವರಿಗೆ ಪುಸ್ತಕ ಆರಿಸುವಾಗ ಲೇಖಕರ ಇಂಗ್ಲಿಷಿನ ಹದವೂ ಮುಖ್ಯ. ಎಲ್ಲರೂ ಹೇಳುವ ಹೆಸರು ಎರಡು. ಒಂದು ವೆಂಡೆಲ್ ಓಡಮ್ ಬರೆದ ಸಿಸ್ಕೋ ಪ್ರೆಸ್‌ನ ಎರಡು ಸಂಪುಟ. ಇನ್ನೊಂದು ಟಾಡ್ ಲ್ಯಾಮ್ಲ್ ಬರೆದದ್ದು, ಸೈಬೆಕ್ಸ್ ಪ್ರಕಟಣೆ. ಲ್ಯಾಮ್ಲ್ ಎದುರಿಗೆ ಕೂತು ಮಾತಾಡಿದಂತೆ ಬರೆಯುತ್ತಾರೆ, ಓದು ಬೇಗ ಸಾಗುತ್ತದೆ, ಹೊಸಬರ ಹೆದರಿಕೆ ಹೋಗುತ್ತದೆ. ಆದರೆ ಅವರ ತಮಾಷೆ, ಅಲ್ಲಿನ ಆಡುಮಾತು ನನಗೆ ಅಲ್ಲಲ್ಲಿ ಅಡ್ಡ ಬಂತು, ತಮಾಷೆ ಯಾವುದು ಪಾಠ ಯಾವುದು ಅಂತ ಬಿಡಿಸಿಕೊಳ್ಳಬೇಕಾಯಿತು. ಓಡಮ್ ಉದ್ದಕ್ಕೆ ಬರೆಯುತ್ತಾರೆ, ಹೇಳಿದ್ದನ್ನು ಇನ್ನೊಂದು ಕಡೆಯಿಂದ ಮತ್ತೆ ಹೇಳುತ್ತಾರೆ. ಇಂಗ್ಲಿಷನ್ನು ನಿಧಾನವಾಗಿ ಓದುವವರಿಗೆ ಆ ಎರಡನೆಯ ಸಲವೇ ಕೈಹಿಡಿಯುತ್ತದೆ. ಅಧ್ಯಾಯದ ಶುರುವಿನಲ್ಲೇ 'ಇದು ನಿಮಗೆ ಈಗಾಗಲೇ ಗೊತ್ತೇ' ಅಂತ ಒಂದು ಪುಟ್ಟ ಪರೀಕ್ಷೆ ಕೊಡುತ್ತಾರೆ. ಗೊತ್ತಿದ್ದರೆ ಬೇಗ ದಾಟಬಹುದು, ಗೊತ್ತಿಲ್ಲದಿದ್ದರೆ ಕೂರಬೇಕು.

ನನ್ನನ್ನು ಕೇಳಿದರೆ ಓಡಮ್, ಒಂದೇ. ಎರಡನ್ನೂ ಕೊಂಡು ಅಲ್ಲಿ ಅರ್ಧ ಇಲ್ಲಿ ಅರ್ಧ ಓದಿದವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಕಪಾಟಿನಲ್ಲಿ ಐದು ಪುಸ್ತಕ, ಐದರಲ್ಲೂ ಮೂರನೇ ಅಧ್ಯಾಯಕ್ಕೆ ಗುರುತಿನ ಚೀಟಿ. ಒಂದನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದವರು ಪಾಸಾಗಿದ್ದಾರೆ, ಅದಕ್ಕಿಂತ ಮುಖ್ಯವಾಗಿ ಕೆಲಸದಲ್ಲಿ ನಿಂತಿದ್ದಾರೆ. ಸ್ಕಾಟ್ ಎಂಪ್ಸನ್ ಅವರ ಆಜ್ಞೆಗಳ ಕೈಪಿಡಿ ಇದೆ, '31 ದಿನ' ಅನ್ನುವ ಅಲನ್ ಜಾನ್ಸನ್ ಪುಸ್ತಕ ಇದೆ. ಅವು ಕೊನೆಯ ತಿಂಗಳಿಗೆ, ಓದಿದ್ದನ್ನು ಮೆಲುಕು ಹಾಕುವುದಕ್ಕೆ. ಮೊದಲು ಅವನ್ನೇ ಹಿಡಿದರೆ ಅಕ್ಕಿ ಬೇಯುವ ಮೊದಲೇ ಒಗ್ಗರಣೆ ಹಾಕಿದ ಹಾಗೆ.

ಭಾರತದ ಮುದ್ರಣ ಕೊಂಡರೆ ಸಾಕು, ಕಾಗದ ತೆಳು, ಒಳಗಿನ ಮಾತು ಅದೇ.

"ನೆಟ್‌ವರ್ಕ್ ಪ್ಲಸ್ ಅಂತಲೂ ಒಂದು ಹೇಳ್ತಿದ್ದಳು." ಹೌದು, ಕಾಂಪ್ಟಿಯಾ ಸಂಸ್ಥೆಯದು. ಯಾವ ಕಂಪನಿಯ ಯಂತ್ರಕ್ಕೂ ಕಟ್ಟುಬೀಳದ ಪರೀಕ್ಷೆ, ಒಳ್ಳೆಯದೇ. ಆದರೆ ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಹೊಸಬರನ್ನು ತೆಗೆದುಕೊಳ್ಳುವಾಗ ಕೇಳಿದ್ದು ಸಿಸಿಎನ್‌ಎಯನ್ನೇ. ಒಂದಕ್ಕೇ ಹಣವಿರುವಾಗ ಇದನ್ನೇ ಓದಲಿ.

ಅಷ್ಟರಲ್ಲಿ ಮೇಷ್ಟ್ರ ಮನೆಯವರು ಕಾಫಿ ತಂದು ಗೋಡೆಯ ಮೇಲಿಟ್ಟರು. "ಬೆಳಿಗ್ಗೆಯಿಂದ ಇವರಿಗೆ ಪೂಜೆಗೆ ಹೂವಿಲ್ಲ, ನಿಮಗೆ ಅಡುಗೆಯಿಲ್ಲ" ಅಂತ ನಗುತ್ತಾ ನನ್ನ ಬುಟ್ಟಿಯಿಂದ ನಾಲ್ಕು ಹೂವು ತೆಗೆದುಕೊಂಡು ಹೋದರು.

ಕಾಫಿ ಕುಡಿಯುತ್ತಾ ಮೇಷ್ಟ್ರು ಹಿಡಿದ ಮಾತು ಬಿಡಲಿಲ್ಲ. "ಕೇವಲ ಓದಿದರೆ ಆಗುತ್ತಾ? ಲೆಕ್ಕ ಓದಿ ಯಾರೂ ಕಲಿತಿಲ್ಲ, ಮಾಡಿ ಕಲೀಬೇಕು."

ನಾನು ಹೇಳಬೇಕು ಅಂದುಕೊಂಡಿದ್ದು ಅವರ ಬಾಯಲ್ಲೇ ಬಂತು. ಇದು ಕೈಯಿಂದ ಕಲಿಯುವ ವಿದ್ಯೆ. ಪುಸ್ತಕದಲ್ಲಿ 'ರೂಟರಿನ ಪೋರ್ಟು ಮೊದಲಿಗೆ ಮುಚ್ಚಿರುತ್ತದೆ' ಅಂತ ಒಂದು ಸಾಲು ಇರುತ್ತದೆ. ಓದುವಾಗ ಹೌದು ಅನ್ನಿಸುತ್ತದೆ. ನಾನು ಮೊದಲ ಸಲ ವಿಳಾಸ ಕೊಟ್ಟು, ತಂತಿ ಹಾಕಿ, ಮುಕ್ಕಾಲು ಗಂಟೆ ಯಾಕೆ ಸಂಪರ್ಕ ಬರುತ್ತಿಲ್ಲ ಅಂತ ಹುಡುಕಿದೆ. 'ನೋ ಶಟ್‌ಡೌನ್' ಅಂತ ಎರಡು ಪದ ಬರೆದು ಪೋರ್ಟು ತೆರೆದಿರಲಿಲ್ಲ. ಆ ಮುಕ್ಕಾಲು ಗಂಟೆ ಆದ ಮೇಲೆ ಇಂದಿನವರೆಗೆ ಅದನ್ನು ಮರೆತಿಲ್ಲ. 'ಶೋ ಐಪಿ ರೂಟ್' ಅಂತ ಬರೆದು, ಪರದೆಯ ಮೇಲೆ ಬರುವ ದಾರಿಗಳ ಪಟ್ಟಿಯನ್ನು ಮೊಮ್ಮಗಳು ತಾನೇ ಓದಿದ ದಿನ ಪಿನ್‌ಕೋಡಿನ ಮಾತು ಅವಳ ಸ್ವಂತದ್ದಾಗುತ್ತದೆ.

ನಾನು ಓದುವಾಗ ಎಸ್.ಪಿ. ರೋಡಿನಲ್ಲಿ ಕಚೇರಿಗಳು ಹೊರಹಾಕಿದ ಹಳೆಯ 2950 ಸ್ವಿಚ್ಚೊಂದನ್ನು ಹುಡುಕಿ ಕೊಂಡಿದ್ದೆ. ಅದರ ಫ್ಯಾನಿನ ಸದ್ದಿಗೆ ಮನೆ ಮಾಲೀಕರು ಬಂದು ಬಾಗಿಲು ತಟ್ಟಿದ್ದರು. ಈಗ ಅದೇನೂ ಬೇಡ. ಪ್ಯಾಕೆಟ್ ಟ್ರೇಸರ್ ಅನ್ನುವ ತಂತ್ರಾಂಶವನ್ನು ಸಿಸ್ಕೋದವರ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿಕೊಂಡರೆ ಪುಕ್ಕಟೆ ಕೊಡುತ್ತಾರೆ. ಸಾಧಾರಣ ಲ್ಯಾಪ್‌ಟಾಪಿನಲ್ಲೇ ಹತ್ತು ರೂಟರು, ಇಪ್ಪತ್ತು ಸ್ವಿಚ್ಚು ಜೋಡಿಸಬಹುದು. ಪುಸ್ತಕ ಒಂದು ಗಂಟೆ ಅಂದರೆ ಟ್ರೇಸರ್ ಒಂದು ಗಂಟೆ, ಅಷ್ಟು ಲೆಕ್ಕ ಇಟ್ಟುಕೊಳ್ಳಲಿ ಅಂದೆ. ನೆಮ್ಮದಿಯಾಗಿ ಕೂತು ಓದಲು ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯ ಇದೆಯಲ್ಲ. 1945ರಿಂದ ನಮ್ಮ ಬಸವನಗುಡಿಯ ಮಕ್ಕಳಿಗೆ ನೆರಳು ಕೊಟ್ಟ ಜಾಗ.

"ಡಂಪು ಅಂದೆಯಲ್ಲ?" ಮೇಷ್ಟ್ರು ಮರೆತಿರಲಿಲ್ಲ.

ಡಂಪು ಅಂದರೆ ಪರೀಕ್ಷೆ ಬರೆದವರು ನೆನಪಿಟ್ಟು ಹೊರತಂದ ಪ್ರಶ್ನೆಗಳ ಕಟ್ಟು. ಉತ್ತರ ಸಮೇತ ಮಾರುತ್ತಾರೆ, ಉತ್ತರ ಎಷ್ಟೋ ಸಲ ತಪ್ಪೂ ಇರುತ್ತದೆ. ಪರೀಕ್ಷೆಗೆ ಕೂರುವ ಮೊದಲು ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಕೊಂಡಿರುತ್ತೇವೆ. ಮುರಿದದ್ದು ಗೊತ್ತಾದರೆ ಪ್ರಮಾಣಪತ್ರ ರದ್ದು ಮಾಡುತ್ತಾರೆ. ಆ ಭಯಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು. ಡಂಪು ಉರು ಹೊಡೆದು ಪಾಸಾಗಿ ಬಂದ ಹುಡುಗನೊಬ್ಬ ನಮ್ಮ ತಂಡಕ್ಕೆ ಸೇರಿದ್ದ. ರಾತ್ರಿ ಎರಡು ಗಂಟೆಗೆ ಒಂದು ಲಿಂಕು ಬಿದ್ದಾಗ ಅವನಿಗೆ ಎಲ್ಲಿಂದ ಶುರುಮಾಡಬೇಕು ಅಂತಲೇ ತೋಚಲಿಲ್ಲ. ಕೈ ನಡುಗುತ್ತಿತ್ತು. ಮಗು ಥರ ನಿಂತಿದ್ದ. ನಾನು ಪಕ್ಕದಲ್ಲಿ ಕೂತು ಬೆಳಗಿನವರೆಗೆ ಒಂದೊಂದೇ ಪದರ ಹಿಡಿದು ತೋರಿಸಿದೆ, ಮೊದಲು ತಂತಿ, ಆಮೇಲೆ ಸ್ವಿಚ್ಚು, ಆಮೇಲೆ ವಿಳಾಸ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ಯಾರೋ ಆ ಹುಡುಗನಿಗೆ ಕಲಿಯುವ ಸಂತೋಷವನ್ನೇ ತೋರಿಸದೆ ಕಳಿಸಿದ್ದರು. ಅವನು ಮತ್ತೆ ಪುಸ್ತಕ ಹಿಡಿದ. ಪ್ರಮಾಣಪತ್ರಕ್ಕೆ ಮೂರೇ ವರ್ಷದ ಆಯಸ್ಸು. ನವೀಕರಿಸುವ ಹೊತ್ತಿಗೆ ಅವನಿಗೆ ಯಾರ ಕಟ್ಟೂ ಬೇಕಾಗಲಿಲ್ಲ.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ಉರು ಹೊಡೆಯೋದು ಏನೂ ಬೇಡ್ವಾ ಹಾಗಾದರೆ? ನಮ್ಮ ಕಾಲದಲ್ಲಿ ಮಗ್ಗಿ ಬಾಯಿಗೆ ಬರದೆ ಲೆಕ್ಕ ಮುಂದಕ್ಕೇ ಹೋಗ್ತಿರಲಿಲ್ಲ."

ಮಗ್ಗಿ ಇಲ್ಲೂ ಬೇಕು ಅಂದೆ. 128, 64, 32, 16, 8, 4, 2, 1. ಇದು ಬಾಯಿಗೆ ಬರಬೇಕು, ನಿದ್ದೆಯಲ್ಲಿ ಕೇಳಿದರೂ. ಪರೀಕ್ಷೆಗೆ 120 ನಿಮಿಷ. ಒಂದು ಪ್ರಶ್ನೆ ದಾಟಿದರೆ ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ. ಅಲ್ಲಿ ಬೆರಳೆಣಿಸುತ್ತಾ ಕೂರಲಾಗುವುದಿಲ್ಲ. ಮಾಸ್ಕು /27, ಅಂದರೆ ಮೂವತ್ತೆರಡರಲ್ಲಿ ಮೊದಲ 27 ಬಿಟ್, ಅಂದ ತಕ್ಷಣ 32 ವಿಳಾಸಗಳ ಗುಂಪು, ಅದರಲ್ಲಿ ಯಂತ್ರಗಳಿಗೆ ಕೊಡಬಹುದಾದದ್ದು 30 ಅಂತ ಬರಬೇಕು. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೆ ಮೀಸಲು.

ಮೇಷ್ಟ್ರು ಡಬ್ಬಿಯಲ್ಲಿದ್ದ ಕಡಲೆಕಾಯಿ ತೆಗೆದು ಗೋಡೆಯ ಮೇಲೆ ಸಾಲಾಗಿಡಲು ಶುರುಮಾಡಿದರು. ನಾಲ್ಕಿಟ್ಟರು, ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಕ್ಕೆ ಸರಿಸಿದರು, ನಡುವಿನ ಎರಡು ನೋಡಿದರು. ಎಂಟಿಟ್ಟರು, ಆರು ಉಳಿಯಿತು. "ಎರಡರ ಘಾತ, ಅದರಲ್ಲಿ ಎರಡು ಕಳಿ" ಅಂದರು. "ಇದು ನನ್ನ ಲೆಕ್ಕ ಕಣಮ್ಮ. ಇದನ್ನ ನಾನು ಹೇಳಿಕೊಡಬಲ್ಲೆ."

"ನೀವೇ ಹೇಳಿಕೊಡಬೇಕು ಮೇಷ್ಟ್ರೇ. ಟ್ರೇಸರ್ ನಾನು ನೋಡಿಕೊಳ್ತೀನಿ, ಭಾನುವಾರ ನಮ್ಮ ಮನೆಗೆ ಬರಲಿ."

ಅವರು ಒಳಗೆ ತಿರುಗಿ ಮೊಮ್ಮಗಳನ್ನು ಕೂಗಿದರು. ಅವಳು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಹೊರಗೆ ಬಂದಳು. "ಅಕ್ಕ, ತಾತ ಒಪ್ಪಿದ್ರಾ?" ಅಂತ ನನ್ನನ್ನು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಮೇಷ್ಟ್ರು ನನ್ನ ಕಡೆ ನೋಡಿ, "ಒಂದು ಲೆಕ್ಕ ಕೊಡಮ್ಮ, ಕಷ್ಟದ್ದೇ ಕೊಡು" ಅಂದರು.

192.168.10.77, /27. ಯಾವ ಜಾಲಕ್ಕೆ ಸೇರಿದ್ದು?

ಹುಡುಗಿ ಕಣ್ಣು ಮುಚ್ಚಿದಳು. ಮೇಷ್ಟ್ರು ಗೋಡೆಯ ಮೇಲೆ ಬೆರಳಿನಲ್ಲಿ 32, 64, 96 ಅಂತ ಬರೆಯುತ್ತಿದ್ದರು. "64ರಿಂದ ಶುರು, 95ಕ್ಕೆ ಮುಗಿಯತ್ತೆ" ಅಂದಳು ಅವಳು. ಮೇಷ್ಟ್ರ ಬೆರಳು 64ರ ಮೇಲೆ ನಿಂತಿತ್ತು.

"ಸರಿಯಾಗಿದೆಯಾ?" ಅಂತ ಇಬ್ಬರೂ ನನ್ನನ್ನು ನೋಡಿದರು.

ಸರಿಯಾಗಿದೆ ಅಂದೆ. ಶನಿವಾರ ಬೆಳಿಗ್ಗೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು ಸಪ್ನಾಗೆ ಹೋಗುವುದು, ಪಠ್ಯಕ್ರಮದ ಮುದ್ರಿತ ಪ್ರತಿ ಅವಳು ತರುವುದು ಅಂತ ಮಾತಾಯಿತು. ಬರುವಾಗ ಚಿಕ್ಕಪೇಟೆಯಲ್ಲಿ ಇಳಿದು ಅವೆನ್ಯೂ ರಸ್ತೆಯನ್ನೂ ಒಮ್ಮೆ ನೋಡೋಣ ಅಂದರು ಮೇಷ್ಟ್ರು. ಅವರಿಗೂ ಒಂದು ಪುಸ್ತಕ ಬೇಕಂತೆ. ಹಳೆಯದಾದರೂ ಪರವಾಗಿಲ್ಲ, ಸಬ್‌ನೆಟ್ಟಿಂಗ್ ಅಧ್ಯಾಯ ಇದ್ದರೆ ಸಾಕು.

"ಅಟ್ಟದ ಮೇಲಿಂದ ನಂದೇ ತೆಗೆದುಕೊಡ್ತೀನಿ ಮೇಷ್ಟ್ರೇ" ಅಂದೆ.

"ಇವತ್ತೇ ಕೊಡು" ಅಂದರು.